ಕೌದಿಗೆ ಕೂಲಿ ಎಷ್ಟು?

ನಡುವಯಸ್ಸಿನಲ್ಲಿ ಹೊಸ ಹವ್ಯಾಸ ಹಿಡಿದವರ ದುಡ್ಡು ಕೈ ಪಳಗುವ ಮೊದಲೇ ಖರ್ಚಾಗಿರುತ್ತದೆ. ಹೆಣಿಗೆ ಕಲಿಯಬೇಕೆಂದು ಮನಸ್ಸಾದ ವಾರದಲ್ಲೇ ಬಣ್ಣಬಣ್ಣದ ಉಲ್ಲನ್ ಉಂಡೆಗಳು, ನಾಲ್ಕಾರು ಅಳತೆಯ ಕಡ್ಡಿಗಳು, ಅವನ್ನೆಲ್ಲ ಇಡಲು ಒಂದು ಚೀಲ ಮನೆಗೆ ಬರುತ್ತವೆ. ಕಲಿಕೆ ಅರ್ಧಕ್ಕೆ ನಿಂತರೆ ಅಷ್ಟೂ ಹಣ ಕಪಾಟು ಸೇರುತ್ತದೆ. ಅದಕ್ಕೇ, ನಲವತ್ತು ದಾಟಿದ ಮೇಲೆ ಸೂಜಿ ಹಿಡಿಯುವ ಆಸೆಯಾದಾಗ ನಾನು ಅಂಗಡಿಯ ಕಡೆ ನೋಡಲಿಲ್ಲ. ನಮ್ಮೂರಿನ ಹವೆಗೆ ಏನು ಬೇಕು, ನಮ್ಮ ಮನೆಯಲ್ಲಿ ಏನಿದೆ ಎಂದು ನೋಡಿದೆ. ಎರಡಕ್ಕೂ ಸಿಕ್ಕ ಉತ್ತರ ಕೌದಿ.

ನಮ್ಮ ಯಲಬುರ್ಗಾದಂಥ ಬಿಸಿಲೂರಿನಲ್ಲಿ ಸ್ವೆಟರ್ ಮೈಮೇಲೆ ಬರುವುದು ಚಳಿಗಾಲದ ಕೆಲವೇ ಬೆಳಗುಗಳಲ್ಲಿ. ಕೌದಿ ವರ್ಷವಿಡೀ ದುಡಿಯುತ್ತದೆ. ಚಳಿಗೆ ಹೊದಿಕೆ, ಬ್ಯಾಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ, ಕೂಸಿನ ತೊಟ್ಟಿಲಿಗೆ ಸಣ್ಣದು, ಬೀಗರು ಬಂದಾಗ ಪಡಸಾಲೆಗೆ ದೊಡ್ಡದು. ಇಷ್ಟು ಕೆಲಸಕ್ಕೆ ಬರುವ ವಸ್ತುವಿಗೆ ಹೊಸ ಬಟ್ಟೆ ಒಂದು ಗಜವೂ ಬೇಡ.

ನನಗೆ ಕಲಿಸಿದವರು ನಮ್ಮ ಓಣಿಯ ಹಿರಿಯರು, ಹರೆಯದಲ್ಲಿ ಕೂಲಿಗೆ ಕೌದಿ ಹೊಲಿದವರು. ನಾನವರನ್ನು ಕರೆಯುವುದು ದೊಡ್ಡವ್ವ ಎಂದು. ಏನೇನು ತರಬೇಕು ಎಂದು ಕೇಳಿದ್ದಕ್ಕೆ, "ಮೊದ್ಲ ಟ್ರಂಕ್ ತಗಿ ಯವ್ವಾ, ಅಂಗಡಿಗೆ ಆಮ್ಯಾಲ ಹೋಗುವಂತಿ" ಎಂದರು. ಹಣಕಾಸಿನ ಬಗ್ಗೆ ನಾನು ಕೇಳಿದ ಒಳ್ಳೆಯ ಸಲಹೆಗಳಲ್ಲಿ ಇದೂ ಒಂದು. ಟ್ರಂಕಿನಲ್ಲಿ ಒಡಲು ಸವೆದರೂ ಸೆರಗು ಗಟ್ಟಿಯಿದ್ದ ಹತ್ತಿಯ ಇಳಕಲ್ ಸೀರೆಗಳಿದ್ದವು, ಗುಳೇದಗುಡ್ಡದ ಖಣದ ಕುಬಸಗಳಿದ್ದವು, ಮಾವನವರ ಧೋತರಗಳಿದ್ದವು. ಸಿಂಥೆಟಿಕ್ ಸೀರೆಗಳನ್ನು ದೊಡ್ಡವ್ವ ಬದಿಗೆ ಸರಿಸಿದರು. ಅವು ಪದರಗಳ ನಡುವೆ ಜಾರುತ್ತವೆ, ಬೆವರು ಹೀರುವುದಿಲ್ಲ.

ಬಟ್ಟೆಯನ್ನೆಲ್ಲ ಒಗೆದು, ಬಿಸಿಲಿಗೆ ಒಣಗಿಸಿ, ನೆಲದ ಮೇಲೆ ಹಾಸಬೇಕು. ತೀರಾ ಹಳೆಯ ಧೋತರ ಒಳಪದರಕ್ಕೆ, ಗಟ್ಟಿಯಿರುವ ಸೀರೆ ಮೇಲಕ್ಕೆ ಮತ್ತು ಕೆಳಕ್ಕೆ. ಪದರಗಳು ಸರಿಯದಂತೆ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ. ಆಮೇಲೆ ಅಂಚಿನಿಂದ ಶುರುಮಾಡಿ, ಸುತ್ತು ಸುತ್ತಾಗಿ ನಡುವಿನವರೆಗೆ ಸಣ್ಣ ಹೊಲಿಗೆ. ಖಣದ ತುಂಡುಗಳು ಮೇಲೆ ಚೌಕವಾಗಿಯೋ ಮುಕ್ಕೋನವಾಗಿಯೋ ಕೂರುತ್ತವೆ. ಸಾಲುಗಳು ಒತ್ತಾಗಿದ್ದಷ್ಟೂ ಕೌದಿಯ ಆಯುಷ್ಯ ಹೆಚ್ಚು, ಅಷ್ಟೇ ಹೆಚ್ಚು ಹೊತ್ತು ಬೇಕು.

ಇನ್ನು ಖರ್ಚು. ಗಟ್ಟಿ ನೂಲಿನ ದಾರ, ಎರಡು ಬಗೆಯ ಸೂಜಿ, ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆ, ಎಲ್ಲ ಸೇರಿ ಮುನ್ನೂರು ರೂಪಾಯಿಯೊಳಗೇ ಮುಗಿಯಿತು. ಕಲಿಸಿದ್ದಕ್ಕೆ ದೊಡ್ಡವ್ವ ದುಡ್ಡು ಬೇಡವೆಂದರು. ನಾನು ಅದನ್ನೂ ಖರ್ಚಿನಲ್ಲಿ ಬರೆದುಕೊಂಡು, ಅವರು ಕೂತ ಹೊತ್ತಿಗೆ ಕೂಲಿ ಲೆಕ್ಕ ಹಾಕಿ ಕೊಟ್ಟೆ. ಸಂಗೀತದ ಮೇಷ್ಟ್ರಿಗೆ ತಿಂಗಳಾದ ಕೂಡಲೇ ಫೀ ಕೊಡುವ ನಾವು ಸೂಜಿ ಹಿಡಿಸಿದವರಿಗೆ ಬರೀ ಚಹಾ ಕೊಟ್ಟು ಕಳಿಸುವುದು ನ್ಯಾಯವಲ್ಲ. ಆಮೇಲಿನ ಖರ್ಚಿಗೆ ಒಂದು ಡಬ್ಬಿ ಇಟ್ಟಿದ್ದೇನೆ. ತಿಂಗಳಿಗೆ ನೂರು ರೂಪಾಯಿ ಅದರಲ್ಲಿ ಬೀಳುತ್ತದೆ. ದಾರ, ಸೂಜಿ ಎಲ್ಲವೂ ಅದರಿಂದಲೇ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರುವ ಗೆಳತಿಯರಿಗೂ ಇದನ್ನೇ ಹೇಳುತ್ತೇನೆ. ಸಂತೆ, ಔಷಧ, ಮಕ್ಕಳ ಫೀ ಎಲ್ಲ ಕಳೆದು ನಿಮ್ಮ ಹೆಸರಿಗೆ ಒಂದು ಸಣ್ಣ ಮೊತ್ತ ಎತ್ತಿಡಿ. ಸಂಸಾರಕ್ಕೆ ಎಲ್ಲವನ್ನೂ ಕೊಡುವ ಹೆಂಗಸಿಗೆ ತನ್ನ ಸಂತೋಷಕ್ಕೂ ಒಂದು ಲೆಕ್ಕದ ಸಾಲು ಇರಲೇಬೇಕು.

ಕೌದಿ ಮುಗಿದ ಮೇಲೆ ನೋಡಿದವರೆಲ್ಲ ಕೇಳುವುದು, "ಮಾರ್ತೀರೇನ್ರಿ?" ಎಂದು. ಈ ಅಂಕಣದ ನಿಜವಾದ ವಿಷಯ ಇಲ್ಲಿದೆ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಒಂದು ದೊಡ್ಡ ಕೌದಿಗೆ ಹತ್ತು ದಿನದ ಪೂರ್ತಿ ಕೆಲಸ ಎಂದಿಟ್ಟುಕೊಳ್ಳಿ. ಕೂಲಿಯೇ 3,700 ರೂಪಾಯಿ ಆಯಿತು. ಬಟ್ಟೆ ನಮ್ಮದೇ, ದಾರದ ಖರ್ಚು ಅಲ್ಪ, ಹಾಗಾಗಿ ಸಾವಿರದ ಇನ್ನೂರಕ್ಕೆ ಕೊಟ್ಟರೂ ಲಾಭವೇ ಎಂದು ತೋರುತ್ತದೆ. ಆದರೆ ದಿನಕ್ಕೆ ಬಿದ್ದದ್ದು 120 ರೂಪಾಯಿ, ಖಾತ್ರಿ ಕೂಲಿಯ ಮೂರನೆಯ ಒಂದು ಭಾಗಕ್ಕೂ ಕಡಿಮೆ.

ಸಂಬಳವಿರುವ ನನ್ನಂಥವರಿಗೆ ಆ 1,200 ಮೇಲಿನ ಕಾಸು. ಇದೇ ಊರಲ್ಲಿ ಸೂಜಿಯನ್ನೇ ನಂಬಿ ಬದುಕುವ ಹೆಂಗಸರಿದ್ದಾರೆ. ನಾನು ಹವ್ಯಾಸಕ್ಕೆ ಹೊಲಿದು ಅಗ್ಗಕ್ಕೆ ಮಾರಿದರೆ ನಾಳೆ ಅವರಿಗೂ ಅದೇ ದರ ಗಟ್ಟಿಯಾಗುತ್ತದೆ. ಹಾಗಾಗಿ ನನ್ನ ನಿಯಮ ಎರಡೇ. ಕೊಡುವುದಾದರೆ ಉಡುಗೊರೆಯಾಗಿ ಕೊಡಬೇಕು. ಮಾರುವುದಾದರೆ ಪೂರ್ತಿ ಕೂಲಿ ಸೇರಿಸಿಯೇ ಮಾರಬೇಕು.

ಕೈಹೊಲಿಗೆಗೆ ತಕ್ಕ ಬೆಲೆ ಹುಟ್ಟುವುದಿಲ್ಲ ಎನ್ನುವವರು ಉತ್ತರ ಕನ್ನಡದ ಕಡೆ ನೋಡಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯಿಂದಲೇ ಹೊಲಿಯುವ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅವರು ಒಟ್ಟಾಗಿ ಸಹಕಾರಿ ಕಟ್ಟಿಕೊಂಡು ಮಾರಿದರು. ಒಬ್ಬೊಬ್ಬರೇ ಬಾಗಿಲಲ್ಲಿ ನಿಂತು ಚೌಕಾಸಿ ಮಾಡುವುದಕ್ಕಿಂತ ಗುಂಪಾಗಿ ದರ ಹೇಳುವುದರಲ್ಲಿ ಬಲವಿದೆ. ನಮ್ಮ ಸಂಜೀವಿನಿ ಸ್ವಸಹಾಯ ಸಂಘಗಳಿಗೂ ಇದು ಸಾಧ್ಯ.

ಇದನ್ನೇ ಕಸುಬು ಮಾಡಿಕೊಳ್ಳುವವರು ಲೆಕ್ಕದ ಪುಸ್ತಕವನ್ನು ಮನೆಖರ್ಚಿನಿಂದ ಬೇರೆ ಇಡಲಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವಿದೆ, ನಮ್ಮ ಕಿನ್ನಾಳದವರಿಗೆ ಹೊಂದುವ ಗೊಂಬೆ ತಯಾರಿಕೆಯಿದೆ. ಕೌದಿಯ ಹೆಸರು ಪ್ರತ್ಯೇಕವಾಗಿಲ್ಲ, ಇರಬೇಕಿತ್ತು. ಆಯ್ಕೆಯಾದವರಿಗೆ 15,000 ರೂಪಾಯಿವರೆಗೆ ಸಲಕರಣೆಯ ನೆರವು, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿವರೆಗೆ ಸಾಲ ಸಿಗುತ್ತದೆ. ಇದು ದುಡಿಮೆಗೆ ಇರುವ ಸಾಲ. ಹವ್ಯಾಸಕ್ಕೆಂದು ಒಂದು ರೂಪಾಯಿಯನ್ನೂ ಸಾಲ ತರಬೇಡಿ.

ಸೂಜಿ ಹಿಡಿದದ್ದರಿಂದ ನನಗೆ ಉಳಿದ ಹಣ ದೊಡ್ಡದಲ್ಲ, ಒಂದೆರಡು ಹೊದಿಕೆಯ ಬೆಲೆಯಷ್ಟು. ಅದಕ್ಕಿಂತ ದೊಡ್ಡ ಗಳಿಕೆ, ಕೈಕೆಲಸದ ಬೆಲೆ ಗೊತ್ತಾದದ್ದು. ಒಂದು ಸುತ್ತು ಹೊಲಿಯುವಷ್ಟರಲ್ಲಿ ಬೆನ್ನು ಏನನ್ನುತ್ತದೆ, ಕಣ್ಣು ಏನನ್ನುತ್ತದೆ ಎಂದು ತಿಳಿದವರು ಇನ್ನೊಬ್ಬರ ಹೊಲಿಗೆಗೆ ಅರ್ಧ ದರ ಕೇಳಲಾರರು. ಸುಗ್ಗಿ ಮುಗಿದು ಬ್ಯಾಸಿಗೆ ಬಂದಾಗ ಕೌದಿ ಹೊಲಿಯುವವರು ನಿಮ್ಮ ಓಣಿಗೂ ಬರಬಹುದು. ದಿನ ಎಷ್ಟು ಹಿಡಿಯುತ್ತದೆ ಎಂದು ಕೇಳಿ, ಈಗಿನ ದಿನಗೂಲಿಯಿಂದ ಗುಣಿಸಿ, ಬಂದ ಮೊತ್ತವನ್ನು ಚೌಕಾಸಿಯಿಲ್ಲದೆ ಕೊಡಿ.