ಪ್ರೌಢ ವಿದ್ಯಾರ್ಥಿಯೂ ಶ್ರದ್ಧೆಯೂ

ವಿದ್ಯೆಗೆ ವಯಸ್ಸಿನ ಮಿತಿಯಿಲ್ಲವೆಂದು ಎಲ್ಲರೂ ಹೇಳುವರು. ಆದರೆ 30 ವರ್ಷ ದಾಟಿದ ಗೃಹಸ್ಥನೊಬ್ಬನು, ಇಲ್ಲವೆ ಎರಡು ಮಕ್ಕಳ ತಾಯಿಯೊಬ್ಬಳು, ಪುಸ್ತಕ ಹಿಡಿದು ಕಾಲೇಜಿಗೆ ಹೊರಟರೆ ಆ ಮಾತನ್ನಾಡಿದವರೇ ಹುಬ್ಬೇರಿಸುವರು. ತಿಕೋಟಾದ ದ್ರಾಕ್ಷಿ ತೋಟದ ಮನೆಯಿಂದಲೋ, ಬಬಲೇಶ್ವರದ ಹೊಲಮನೆಯಿಂದಲೋ ವಿಜಯಪುರದ ಬಸ್ಸು ಹತ್ತುವ ಇಂತಹ ವಿದ್ಯಾರ್ಥಿಗೆ ಹೊರಗಿನ ನಗೆಗಿಂತ ಒಳಗಿನ ಪ್ರಶ್ನೆಯೇ ಹೆಚ್ಚು ಭಾರವಾದುದು. ಇಷ್ಟು ವಯಸ್ಸಾದ ಮೇಲೆ ಓದಿ ಆಗಬೇಕಾದುದೇನು? ಈ ಓದು ಯಾರಿಗಾಗಿ? ಈ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ ಓದು ನಡುವೆಯೇ ನಿಲ್ಲುವುದು. ನಿಲ್ಲದಿದ್ದರೂ ಬರಿಯ ಪ್ರಮಾಣಪತ್ರದಲ್ಲಿ ಮುಗಿಯುವುದು.

ವೀರಶೈವ ಸಿದ್ಧಾಂತದಲ್ಲಿ ಷಟ್‌ಸ್ಥಲಗಳಿಗೆ ಅನುಗುಣವಾಗಿ ಆರು ವಿಧದ ಭಕ್ತಿಗಳನ್ನು ಹೇಳಿದೆ. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ. ಮೇಲಿನ ಸ್ಥಲಗಳ ವಿಚಾರ ಹಾಗಿರಲಿ. ಈ ಮೂರನ್ನು ಅರಿತರೂ ಪ್ರೌಢ ವಿದ್ಯಾರ್ಥಿಗೆ ದಾರಿ ಕಾಣುವುದು.

ಶ್ರದ್ಧೆಯೆಂದರೆ ಪರೀಕ್ಷೆಯಲ್ಲಿ ದೇವರು ತೇರ್ಗಡೆ ಮಾಡಿಸುವನೆಂಬ ನಂಬುಗೆಯಲ್ಲ. ಓದದೆ ಹರಕೆ ಹೊತ್ತವನು ಭಕ್ತನಲ್ಲ, ವ್ಯಾಪಾರಿ. ತನ್ನ ಬಾಳಿಗೊಂದು ಅರ್ಥವಿದೆ, ಅದನ್ನು ಅರಿಯಲು ಈ ವಿದ್ಯೆ ಸಾಧನವೆಂಬ ದೃಢವಾದ ಭಾವನೆಯೇ ಶ್ರದ್ಧೆ. ತಿಕೋಟಾ ಭಾಗದ ಬಿಜ್ಜರಗಿಯಲ್ಲಿ ಹುಟ್ಟಿದ ಶ್ರೀ ಸಿದ್ಧೇಶ್ವರ ಸ್ವಾಮಿಗಳ ವಿದ್ಯಾರ್ಥಿಜೀವನವನ್ನು ಇಲ್ಲಿ ಸ್ಮರಿಸಬಹುದು. ಎಳೆಯ ವಯಸ್ಸಿನಲ್ಲಿಯೇ ಶ್ರೀ ಮಲ್ಲಿಕಾರ್ಜುನ ಸ್ವಾಮಿಗಳ ಶಿಷ್ಯರಾದ ಅವರು, ಗುರುವಿನ ಆಶ್ರಯ ದೊರೆಯಿತೆಂದು ಕಾಲೇಜನ್ನು ಕೈಬಿಡಲಿಲ್ಲ. ಪದವಿಯನ್ನು ಪಡೆದು, ಕೊಲ್ಲಾಪುರದಲ್ಲಿ ತತ್ತ್ವಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗವನ್ನೂ ಪೂರೈಸಿದರು. ಆ ಪದವಿಯಿಂದ ಅವರು ಪಡೆದ ಹುದ್ದೆ ಯಾವುದೂ ಇಲ್ಲ. ಜೇಬಿಲ್ಲದ ಬಿಳಿಯ ಅಂಗಿ ತೊಟ್ಟು ಊರೂರುಗಳಲ್ಲಿ ಪ್ರವಚನ ಮಾಡಿದರು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ದೇಹವಿಟ್ಟರು. ಗುರಿ ಮೊದಲೇ ನಿಶ್ಚಿತವಾಗಿದ್ದುದರಿಂದ ವಿದ್ಯೆ ಅವರನ್ನು ಅಲೆಸಲಿಲ್ಲ, ಅವರ ಗುರಿಗೆ ಊಳಿಗ ಮಾಡಿತು.

ಇನ್ನು ನಿಷ್ಠೆ. ಅವರು ಸನ್ಯಾಸಿಗಳು, ನಾವು ಸಂಸಾರಿಗಳೆಂದು ಗೃಹಸ್ಥರು ಹೇಳಬಹುದು. ಅಂತಹವರಿಗೆ ಡಾ. ಫ. ಗು. ಹಳಕಟ್ಟಿಯವರ ಚರಿತ್ರೆ ಇದೆ. 1880ರಲ್ಲಿ ಧಾರವಾಡದಲ್ಲಿ ಜನಿಸಿ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದು, ಮುಂದೆ ವಿಜಯಪುರದಲ್ಲಿ ವಕೀಲರಾಗಿ ನೆಲೆಸಿದ ಅವರಿಗೆ ಸುಖವಾಗಿ ಬಾಳಲು ಅಷ್ಟು ವಿದ್ಯೆ ಸಾಕಾಗಿತ್ತು. ಆದರೆ ಅವರ ನಿಜವಾದ ವಿದ್ಯಾರ್ಥಿಜೀವನ ಅಲ್ಲಿಂದಲೇ ಮೊದಲಾಯಿತು. ಕಕ್ಷಿದಾರರ ಕೆಲಸದ ನಡುವೆ ಮನೆಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಯ ಕಟ್ಟುಗಳನ್ನು ಬೇಡಿ ತಂದು, ಓದಿ, ಒಂದಕ್ಕೊಂದು ಹೋಲಿಸಿ ನೋಡಿದರು. 'ವಚನಶಾಸ್ತ್ರಸಾರ' ಪ್ರಕಟವಾದುದು 1923ರಲ್ಲಿ, ಎಂದರೆ ಪದವಿ ಪಡೆದ 19 ವರ್ಷಗಳ ಮೇಲೆ! 1926ರಲ್ಲಿ 'ಶಿವಾನುಭವ' ಪತ್ರಿಕೆ ಹೊರಟಿತು. 1910ರಲ್ಲಿ ಅವರು ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯಲ್ಲಿ ಇಂದಿಗೂ ಸಾವಿರಾರು ಮಕ್ಕಳು ಕಲಿಯುತ್ತಿರುವರು. ತಾನು ಪಡೆದ ವಿದ್ಯೆಯನ್ನು ಸಮಾಜಕ್ಕೆ ಸಲ್ಲಿಸುವುದೇ ದಾಸೋಹ; ಫಲ ತಡವಾದರೂ ಹಿಡಿದುದನ್ನು ಬಿಡದಿರುವುದೇ ನಿಷ್ಠೆ.

ಮೂರನೆಯದು ಅವಧಾನ, ಎಂದರೆ ಎಚ್ಚರ. ಆಯ್ದಕ್ಕಿ ಮಾರಯ್ಯನು ಅನುಭವಗೋಷ್ಠಿಯಲ್ಲಿ ತಲ್ಲೀನನಾಗಿ ಅಕ್ಕಿಯನ್ನಾಯುವ ಕಾಯಕವನ್ನೇ ಮರೆತಾಗ ಅವನನ್ನು ಎಚ್ಚರಿಸಿದವಳು ಪತ್ನಿ ಲಕ್ಕಮ್ಮ. ಮತ್ತೊಮ್ಮೆ ಅವನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದವಳೂ ಅವಳೇ. ಈ ಎರಡು ಸಂಗತಿಗಳಲ್ಲಿ ಪ್ರೌಢ ವಿದ್ಯಾರ್ಥಿಗೆ ಎರಡು ಪಾಠಗಳಿವೆ. ಜ್ಞಾನದ ಹಂಬಲವೆಂಬ ನೆಪದಿಂದ ಮನೆಯ ಹೊಣೆಯನ್ನು ಮರೆಯಲಾಗದು. ವಿದ್ಯೆಯನ್ನು ಆಸೆಯ ಚೀಲ ತುಂಬುವ ಉಪಾಯವಾಗಿಸಿಕೊಳ್ಳಲೂ ಆಗದು.

ಆದರೆ ಲಕ್ಕಮ್ಮನ ಕಥೆಯನ್ನು ಒಂದೇ ಕಡೆಯಿಂದ ಓದಬಾರದು. ಗಂಡನಿಗೆ ಅರಿವನ್ನು ಬೋಧಿಸಬಲ್ಲ ಸ್ತ್ರೀಯನ್ನು ಶರಣರು ಗೌರವಿಸಿದರೆಂಬುದೂ ಅದರಲ್ಲಿಯೇ ಇದೆ. ವಿಜಯಪುರದಲ್ಲಿ 2003ರಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯ ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. ಸೊಸೆಯೊಬ್ಬಳು ನಿಂತುಹೋದ ಓದನ್ನು ಮುಂದುವರಿಸುವೆನೆಂದಾಗ, ಅಕ್ಕನ ಭಾವಚಿತ್ರಕ್ಕೆ ಹೂವೇರಿಸುವ ಮನೆಯೇ ಬೇಡವೆಂದರೆ ಆ ಪೂಜೆಗೆ ಏನು ಬೆಲೆ? ಅವಳು ರೊಟ್ಟಿ ಬಡಿದು, ದನಕರುಗಳಿಗೆ ನೀರು ಮೇವು ನೋಡಿ, ಉಳಿದ ಅರೆನಿದ್ದೆಯಲ್ಲಿ ಓದಲಿ ಎನ್ನುವುದು ಅನುಮತಿಯೆನಿಸದು. ಗಂಡನು ಒಂದು ಕೆಲಸವನ್ನು ವಹಿಸಿಕೊಳ್ಳಬೇಕು, ಅತ್ತೆ ಒಂದು ತಾಸು ಮಗುವನ್ನು ನೋಡಿಕೊಳ್ಳಬೇಕು. ಓದುವವರಿಗೆ ಅವಧಾನ ಹೇಗೋ, ಮನೆಯವರಿಗೂ ಹಾಗೆಯೇ ಅದು ಧರ್ಮ.

ಆದಕಾರಣ ಪ್ರೌಢ ವಿದ್ಯಾರ್ಥಿಯು ಪ್ರತಿದಿನ ಇಷ್ಟಲಿಂಗಪೂಜೆ ಮುಗಿದೊಡನೆ ಏಳದೆ, ಕ್ಷಣಕಾಲ ತನ್ನನ್ನು ತಾನೇ ಕೇಳಿಕೊಳ್ಳಬೇಕು: ಇಂದು ಕಲಿಯುವುದು ಏನು? ಅದು ಯಾರಿಗೆ ಸಲ್ಲುವುದು? ಅದಕ್ಕಾಗಿ ಯಾರ ಶ್ರಮವನ್ನು ಪಡೆಯುತ್ತಿರುವೆನು? ಮೊದಲನೆಯದು ಶ್ರದ್ಧೆಯನ್ನು ಬೆಳೆಸುವುದು, ಎರಡನೆಯದು ನಿಷ್ಠೆಯನ್ನು, ಮೂರನೆಯದು ಅವಧಾನವನ್ನು. ಉತ್ತರ ಒಂದೇ ದಿನದಲ್ಲಿ ದೊರೆಯದಿರಬಹುದು. ಹಳಕಟ್ಟಿಯವರ ಸಾಧನೆಗೂ 19 ವರ್ಷಗಳು ಬೇಕಾದುವೆಂಬುದನ್ನು ನೆನೆದು, ಆ ದಿನದ ಪಾಠವನ್ನು ಆ ದಿನದ ಕಾಯಕವೆಂದೇ ತಿಳಿದು ಮುಗಿಸಬೇಕು. ಹಾಗೆ ಓದಿದ ವಿದ್ಯೆಗೆ ವಯಸ್ಸು ಅಡ್ಡಿಯಾಗಲಾರದು.