ಕೈ ಇಳಿಸಿ ಗೆಲ್ಲುವುದು: ಒಂದು ನುಡಿಗಟ್ಟಿನ ಅಭ್ಯಾಸ

ಗೆಲುವಿಗೆ ಸಂಬಂಧಿಸಿದ ಇಂಗ್ಲಿಷ್ ನುಡಿಗಟ್ಟುಗಳಲ್ಲಿ ‘ವಿನ್ ಹ್ಯಾಂಡ್ಸ್ ಡೌನ್’ ಎಂಬುದು ಪತ್ರಿಕೆಗಳಲ್ಲಿಯೂ ಕ್ರೀಡೆಯ ವೀಕ್ಷಕ ವಿವರಣೆಯಲ್ಲಿಯೂ ಮತ್ತೆ ಮತ್ತೆ ಕಾಣಸಿಗುವಂಥದು. ಪದಕ್ಕೆ ಪದವಿಟ್ಟರೆ ಇದು ‘ಕೈಗಳನ್ನು ಇಳಿಸಿ ಗೆಲ್ಲು’ ಎಂದಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಗೆ ಇಲ್ಲಿ ಗೊಂದಲವಾಗುವುದು ಸಹಜ. ಏಕೆಂದರೆ ನಮ್ಮ ನುಡಿಯಲ್ಲಿ ಗೆದ್ದವನದು ‘ಮೇಲುಗೈ’. ‘ಕೈಕೆಳಗಿನವನು’ ಎಂದರೆ ಮತ್ತೊಬ್ಬರ ಅಧೀನದಲ್ಲಿರುವವನು. ಹಾಗಿದ್ದಲ್ಲಿ ಕೈ ಇಳಿಸಿದವನು ಗೆಲ್ಲುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತರೆ ಒಂದು ನುಡಿಗಟ್ಟಷ್ಟೇ ಅಲ್ಲ, ನುಡಿಗಟ್ಟುಗಳನ್ನು ಕಲಿಯುವ ಬಗೆಯೂ ತಿಳಿಯುತ್ತದೆ.

ಈ ಮಾತು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕುದುರೆ ಪಂದ್ಯದ ಮೈದಾನದಲ್ಲಿ. ಪೈಪೋಟಿ ಬಿರುಸಾಗಿರುವಾಗ ಸವಾರನು ಲಗಾಮನ್ನು ಬಿಗಿಹಿಡಿದು, ಕೈಗಳನ್ನು ಮುಂದೊತ್ತಿ ಕುದುರೆಯನ್ನು ಹುರಿದುಂಬಿಸುತ್ತಿರಬೇಕು. ಉಳಿದವರೆಲ್ಲ ಬಹಳ ಹಿಂದೆ ಉಳಿದರೆಂದು ಖಚಿತವಾದಾಗ ಅವನು ಕೈಗಳನ್ನು ಇಳಿಸಿ, ಲಗಾಮನ್ನು ಸಡಿಲಿಸಿ, ನಿರಾಳವಾಗಿ ಗುರಿ ದಾಟುತ್ತಾನೆ. ಆದ್ದರಿಂದ ಇಳಿದ ಕೈ ಇಲ್ಲಿ ಸೋಲಿನ ಗುರುತಲ್ಲ, ಶ್ರಮವೇ ಬೇಕಾಗದ ಗೆಲುವಿನ ಗುರುತು. ‘ಅನಾಯಾಸವಾಗಿ’, ‘ಲೀಲಾಜಾಲವಾಗಿ’, ‘ಹೂವೆತ್ತಿದ ಹಾಗೆ’, ‘ನೀರು ಕುಡಿದಷ್ಟು ಸುಲಭವಾಗಿ’ ಎಂಬ ನಮ್ಮ ಮಾತುಗಳು ಇದಕ್ಕೆ ಸಮೀಪವಾದವು.

ಇನ್ನು ದಿನಬಳಕೆಯ ವಾಕ್ಯಗಳಲ್ಲಿ ಇದರ ಪ್ರಯೋಗವನ್ನು ನೋಡೋಣ.

1. ‘ನಮ್ಮ ಶಾಲೆಯ ಖೋ ಖೋ ತಂಡವು ಅಂತಿಮ ಪಂದ್ಯದಲ್ಲಿ ಲೀಲಾಜಾಲವಾಗಿ ಗೆದ್ದಿತು.’ ಇಲ್ಲಿ ‘ಹ್ಯಾಂಡ್ಸ್ ಡೌನ್’ ಸರಿಯಾಗಿ ಹೊಂದುತ್ತದೆ. ಸ್ಪರ್ಧೆಯಿತ್ತು, ಆದರೆ ಗೆಲುವಿಗಾಗಿ ಹೆಣಗಬೇಕಾಗಲಿಲ್ಲ.

2. ‘ಅವರು ಕೂದಲೆಳೆಯ ಅಂತರದಿಂದ ಸರಪಂಚರಾದರು.’ ಇಲ್ಲಿ ಈ ನುಡಿಗಟ್ಟನ್ನು ಬಳಸುವಂತಿಲ್ಲ. ಕೊನೆಯ ಮತ ಎಣಿಸುವವರೆಗೆ ಎದೆ ಹೊಡೆದುಕೊಂಡವನಿಗೆ ಕೈ ಇಳಿಸುವಷ್ಟು ನಿರಾಳವೆಲ್ಲಿಯದು?

3. ‘ಅವರು ಅವಿರೋಧವಾಗಿ ಆಯ್ಕೆಯಾದರು.’ ಇಲ್ಲಿಯೂ ಸಲ್ಲದು. ಎದುರಾಳಿಯೇ ಇಲ್ಲದ ಕಡೆ ಪಂದ್ಯವೇ ನಡೆದಿಲ್ಲ.

4. ‘ಹುಡುಗಿಯು ವರ್ಷವಿಡೀ ನಿದ್ದೆಗೆಟ್ಟು ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು.’ ಇದು ಬೆವರು ಸುರಿಸಿ ಪಡೆದ ಗೆಲುವು. ಇದನ್ನು ‘ಹ್ಯಾಂಡ್ಸ್ ಡೌನ್’ ಎಂದರೆ ಹೊಗಳಿದಂತೆ ಕಂಡರೂ ಅವಳ ಶ್ರಮವನ್ನು ಅಲ್ಲಗಳೆದಂತಾಗುತ್ತದೆ.

5. ‘ಬೆಳಗಿನ ಉಪಾಹಾರಗಳಲ್ಲಿ ಒಗ್ಗಾಣಿ ಮಿರ್ಚಿಯೇ ಶ್ರೇಷ್ಠ, ಅದರಲ್ಲಿ ಎರಡು ಮಾತಿಲ್ಲ.’ ಇಂಗ್ಲಿಷಿನಲ್ಲಿ ‘ಹ್ಯಾಂಡ್ಸ್ ಡೌನ್’ ಎಂಬುದಕ್ಕೆ ‘ನಿರ್ವಿವಾದವಾಗಿ’ ಎಂಬ ಅರ್ಥವೂ ಬೆಳೆದಿದೆ. ಆ ಅರ್ಥದಲ್ಲಿ ಇಲ್ಲಿ ಸಲ್ಲುತ್ತದೆ. ಆದರೆ ಕನ್ನಡದಲ್ಲಿ ಈಗ ‘ಹೂವೆತ್ತಿದ ಹಾಗೆ’ ಎನ್ನಲಾಗದು, ‘ಎರಡು ಮಾತಿಲ್ಲ’ ಎನ್ನಬೇಕು. ಇಂಗ್ಲಿಷಿನ ಒಂದು ನುಡಿಗಟ್ಟಿಗೆ ಕನ್ನಡದಲ್ಲಿ ಸಂದರ್ಭಾನುಸಾರ ಎರಡು ಮಾತುಗಳು ಬೇಕಾದವು ಎಂಬುದನ್ನು ಗಮನಿಸಬೇಕು.

ಇಂಗ್ಲಿಷಿನ ಈ ಮಾತು ಕುದುರೆಯ ಬೆನ್ನೇರಿ ಬಂದರೆ, ನಮ್ಮ ಗೆಲುವಿನ ಮಾತುಗಳು ಗರಡಿಯಿಂದಲೂ ಹೊಲದಿಂದಲೂ ಬಂದವು. ‘ತೊಡೆ ತಟ್ಟು’, ‘ಮಣ್ಣು ಮುಕ್ಕಿಸು’, ‘ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬಿವು ಕುಸ್ತಿಯವು. ‘ಚುನಾವಣಾ ಕಣ’ ಎಂಬಲ್ಲಿನ ‘ಕಣ’ವು ರೈತರು ರಾಶಿ ಮಾಡುವ ಜಾಗದ ಹೆಸರೂ ಹೌದು. ಗೆದ್ದವರ ಕಡೆಗೆ ವಾಲುವವನನ್ನು ‘ಗೆದ್ದೆತ್ತಿನ ಬಾಲ ಹಿಡಿಯುವವನು’ ಎನ್ನುತ್ತೇವೆ. ನಮ್ಮ ಸೀಮೆಯ ಜಾತ್ರೆಗಳಲ್ಲಿ ಎತ್ತುಗಳಿಂದ ಭಾರವಾದ ಬಂಡೆಯನ್ನು ಎಳೆಸುವ ಪಂದ್ಯವನ್ನು ಕಂಡವರಿಗೆ ಈ ಮಾತಿನ ಸೊಗಸು ಬೇಗ ತಿಳಿಯುತ್ತದೆ. ಗೊತ್ತಾದ ಸಮಯದೊಳಗೆ ಎಷ್ಟು ದೂರ ಎಳೆದವೆಂಬುದರ ಮೇಲೆ ಅಲ್ಲಿ ತೀರ್ಪು. ಆ ಪಂದ್ಯದಲ್ಲಿ ಎತ್ತು ಹೊಡೆಯುವವನು ಸಮಯ ಮುಗಿಯುವವರೆಗೆ ಕೈ ಇಳಿಸುವಂತಿಲ್ಲ. ಅವರ ಮೈದಾನ ಬೇರೆ, ನಮ್ಮ ಕಣ ಬೇರೆ. ಆದ್ದರಿಂದಲೇ ಮಾತೂ ಬೇರೆ.

ಗಡಿನಾಡಿನ ಮಕ್ಕಳಿಗೆ ಈ ವಿವೇಚನೆ ಇನ್ನೂ ಅಗತ್ಯವಾದುದು. ಹಿಂದೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ ಮತ್ತು ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯದ ಪಾಲಾದವು. ಅಂದಿನಿಂದ ಇಲ್ಲಿಯ ಕನ್ನಡ ಮಗುವಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಮುಂದಿನ ಓದಿಗೆ ಇಂಗ್ಲಿಷ್ ಎಂದಾಗಿದೆ. ಮೂರು ಭಾಷೆಗಳ ನಡುವೆ ಒಂದು ಮಾತು ಮತ್ತೊಂದರಂತೆ ಕೇಳಿಸಿ ದಾರಿ ತಪ್ಪಿಸುವುದುಂಟು. ತೆಲುಗಿನ ‘ಗೆಲುಪು’ ನಮ್ಮ ‘ಗೆಲುವಿ’ನ ಒಡಹುಟ್ಟು, ಕೇಳಿದೊಡನೆ ತಿಳಿಯುತ್ತದೆ. ಆದರೆ ‘ಓಡಿಪೋಯಾಡು’ ಎಂಬ ತೆಲುಗು ಮಾತಿಗೆ ‘ಸೋತುಹೋದನು’ ಎಂದು ಅರ್ಥ. ಅದನ್ನೇ ಹೋಲುವ ಕನ್ನಡದ ‘ಓಡಿಹೋದನು’ ಎಂಬುದಕ್ಕೆ ‘ಪಲಾಯನ ಮಾಡಿದನು’ ಎಂದು ಅರ್ಥ. ಎದುರಿಸಿ ಸೋತ ವೀರನನ್ನು ಬರಿಯ ಉಚ್ಚಾರಣೆಯ ಹೋಲಿಕೆಯಿಂದ ಹೇಡಿಯನ್ನಾಗಿಸುವುದು ನ್ಯಾಯವೇ? ನೆರೆಯ ಭಾಷೆಯ ಮಾತಿಗೇ ಇಷ್ಟು ಎಚ್ಚರ ಬೇಕಾದರೆ, ದೂರದಿಂದ ಬಂದ ಇಂಗ್ಲಿಷಿಗೆ ಎಷ್ಟು ಬೇಡ!

‘ಇಂಗ್ಲಿಷ್ ಬಲ್ಲವರು ಗೆದ್ದರು, ಕನ್ನಡ ಹಿಡಿದವರು ಸೋತರು’ ಎಂಬ ಭಾವನೆ ಇಂದು ಅನೇಕ ತಂದೆತಾಯಿಗಳಲ್ಲಿದೆ. ಅವರ ಆತಂಕವನ್ನು ಹಗುರವಾಗಿ ಕಾಣಲಾಗದು. ಮಕ್ಕಳ ಉದ್ಯೋಗ, ಭವಿಷ್ಯಗಳ ಚಿಂತೆ ಅದರ ಹಿಂದಿದೆ. ಆದರೆ ಮೇಲಿನ ಐದು ವಾಕ್ಯಗಳನ್ನು ಮತ್ತೊಮ್ಮೆ ನೋಡಿರಿ. ‘ಕೂದಲೆಳೆಯ ಅಂತರ’, ‘ಬೆವರು ಸುರಿಸಿ’, ‘ಎರಡು ಮಾತಿಲ್ಲ’ ಎಂಬ ಕನ್ನಡದ ಮಾತುಗಳ ಸೂಕ್ಷ್ಮ ತಿಳಿದವನಿಗೆ ಮಾತ್ರ ಇಂಗ್ಲಿಷಿನ ಮಾತು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದು ಸ್ಪಷ್ಟವಾಯಿತು. ತಾಯ್ನುಡಿಯಲ್ಲಿ ಅಳತೆಗೋಲು ಇಲ್ಲದವನು ಪರಭಾಷೆಯ ನುಡಿಗಟ್ಟನ್ನು ಬಾಯಿಪಾಠ ಮಾಡಬಲ್ಲನೇ ಹೊರತು ಅಳೆದು ಬಳಸಲಾರನು. ಕನ್ನಡ ಶಾಲೆಯು ಇಂಗ್ಲಿಷಿಗೆ ಅಡ್ಡಗೋಡೆಯಲ್ಲ, ಅದನ್ನು ಏರುವ ಮೆಟ್ಟಿಲು.

ಗೆಲುವೆಂದರೆ ಮತ್ತೊಬ್ಬರನ್ನು ಕೆಡವುವುದೇ ಎಂಬ ಪ್ರಶ್ನೆಗೂ ನಮ್ಮ ನೆಲದಲ್ಲಿ ಉತ್ತರವಿದೆ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ವಿಜಯವು ರಣರಂಗದ್ದು. ಮಂತ್ರಾಲಯದ ಗುರುಗಳ ಚರಿತ್ರೆಯಾದ ‘ರಾಘವೇಂದ್ರ ವಿಜಯ’ದಲ್ಲಿ ಅದು ವಿದ್ಯೆ ಮತ್ತು ತಪಸ್ಸುಗಳದು. ಇದೇ ಸೀಮೆಯ ಚಿಪ್ಪಗಿರಿಯಲ್ಲಿ ನೆಲೆಸಿ 1755ರಲ್ಲಿ ಅಲ್ಲಿಯೇ ದೇಹವಿಟ್ಟ, ದಾಸಪ್ಪನೆಂಬ ಹೆಸರಿನ ಬಡವನಾಗಿದ್ದು ವಿಜಯದಾಸರೆನಿಸಿದವರ ಬಾಳಿನಲ್ಲಿ ಅದು ಭಕ್ತಿಯದು. ವ್ಯಾಜ್ಯದಲ್ಲಿ ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯಂತೂ ಗೆದ್ದವನಿಗೂ ಎಚ್ಚರಿಕೆ ನೀಡುತ್ತದೆ.

ಇದೆಲ್ಲಕ್ಕಿಂತ ಹಿತವಾದ ಪ್ರಯೋಗವೊಂದು ನಮ್ಮ ಮನೆಮಾತಿನಲ್ಲಿದೆ. ಜ್ವರದಿಂದ ಮಲಗಿದ್ದ ಮಗುವು ಚೇತರಿಸಿಕೊಂಡಾಗ ‘ಮಗು ಇವತ್ತು ಗೆಲುವಾಗಿದೆ’ ಎನ್ನುತ್ತೇವೆ. ಇಲ್ಲಿ ಯಾವ ಎದುರಾಳಿಯೂ ಸೋತಿಲ್ಲ. ಮುಖದಲ್ಲಿ ಕಳೆ ಬಂದಿದೆ, ಅಷ್ಟೆ. ಭಾಷೆಗಳ ವಿಷಯದಲ್ಲಿ ನಾವು ಬಯಸಬೇಕಾದುದೂ ಇಂಥ ಗೆಲುವನ್ನೇ. ತೆಲುಗನ್ನೋ ಇಂಗ್ಲಿಷನ್ನೋ ಸೋಲಿಸಿ ಕನ್ನಡ ಉಳಿಯಬೇಕಾಗಿಲ್ಲ. ಮಕ್ಕಳ ನಾಲಗೆಯ ಮೇಲೆ ಅದು ಗೆಲುವಾಗಿದ್ದರೆ ಸಾಕು. ಆದರೆ ಆ ಗೆಲುವು ಕೈ ಇಳಿಸಿ ಕುಳಿತರೆ ದೊರೆಯುವಂಥದಲ್ಲ. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳಿಗೆ ದಿನಕ್ಕೊಂದು ನುಡಿಗಟ್ಟನ್ನು ಕನ್ನಡದಲ್ಲಿ ಹೇಳಿಕೊಟ್ಟು, ಅದನ್ನು ವಾಕ್ಯದಲ್ಲಿ ಬಳಸಿ ತೋರಿಸಲೆಂದು ಹಾರೈಸುತ್ತೇನೆ.