ಒಂದೇ ಬೂದು, ಎರಡು ಥರ

ಗೆಳೆಯರೇ, ಈ ಬರಹದ ಕೆಳಗೆ ಅಂಟಿಸಿರುವ ಎರಡು ಕಾಗದಗಳನ್ನು ಮೊದಲು ನೋಡಿ. ಒಂದು ಕಪ್ಪು, ಒಂದು ಬಿಳಿ. ಎರಡರ ನಡುವೆಯೂ ಬೂದು ಬಣ್ಣದ ಒಂದೊಂದು ಚೂರಿದೆ. ಯಾವುದು ಹೆಚ್ಚು ತಿಳಿ? ಕಪ್ಪಿನ ಮೇಲಿರೋದು ಅಂತೀರಿ. ನಾನೂ ಹಾಗೇ ಅಂದು ಡ್ರಾಯಿಂಗ್ ಮೇಷ್ಟ್ರ ಹತ್ತಿರ ವಾದಕ್ಕಿಳಿದಿದ್ದೆ. ಅವರು ಏನೂ ಹೇಳದೆ ಆವತ್ತಿನ ಎರಡೂ ಚೂರು ಕಿತ್ತು ನನ್ನ ಅಂಗೈ ಮೇಲೆ ಪಕ್ಕಪಕ್ಕ ಇಟ್ಟರು. ಎರಡೂ ಒಂದೇ! ಒಂದೇ ಹಾಳೆಯಿಂದ ಕತ್ತರಿಸಿದ್ದು.

ಕಣ್ಣಿನ ಈ ಮೋಸವನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ ಚಿತ್ರಕಾರರು ಜೋಸೆಫ್ ಆಲ್ಬರ್ಸ್. ಜರ್ಮನಿಯಲ್ಲಿ 1888ರಲ್ಲಿ ಹುಟ್ಟಿದವರು. ಅಪ್ಪ ಮನೆಗಳಿಗೆ ಬಣ್ಣ ಬಳಿಯುತ್ತಿದ್ದರು. ಬಾಗಿಲಿಗೆ ನಡುವಿನಿಂದ ಶುರು ಮಾಡಿ ಅಂಚಿಗೆ ಬಂದರೆ ಅಂಗಿ ತೋಳಿಗೆ ಬಣ್ಣ ಮೆತ್ತಲ್ಲ ಅಂತ ಮಗನಿಗೆ ಕಲಿಸಿದ್ದರಂತೆ. ಆಲ್ಬರ್ಸ್ ಮೊದಲು ಪ್ರಾಥಮಿಕ ಶಾಲೆಯ ಮೇಷ್ಟ್ರು. 1920ರಲ್ಲಿ ಬೌಹೌಸ್ ಎಂಬ ಕಲಾಶಾಲೆ ಸೇರಿದಾಗ ಬಣ್ಣಕ್ಕೆ ದುಡ್ಡಿಲ್ಲದೆ ಕಸದ ಗುಂಡಿಯಿಂದ ಒಡೆದ ಗಾಜು ಆರಿಸಿ ತಂದು ಚಿತ್ರ ಮಾಡಿದರು. ನಾಜಿಗಳ ಒತ್ತಡದಿಂದ 1933ರಲ್ಲಿ ಆ ಶಾಲೆ ಮುಚ್ಚಿತು. ಅವರು ಅಮೆರಿಕಕ್ಕೆ ಹೋಗಿ ಅಲ್ಲೂ ಪಾಠ ಹೇಳಿದರು.

1950ರಲ್ಲಿ ‘ಚೌಕಕ್ಕೆ ನಮನ’ ಎಂಬ ಚಿತ್ರಮಾಲೆ ಶುರುವಾಯಿತು. ಒಂದರೊಳಗೊಂದು ಮೂರೋ ನಾಲ್ಕೋ ಚೌಕ, ಅಷ್ಟೇ. ಮರ, ಮನೆ, ಮನುಷ್ಯ ಯಾವುದೂ ಇಲ್ಲ. ಇಂಥದ್ದಕ್ಕೆ ಅಮೂರ್ತ ಚಿತ್ರ ಅಂತಾರೆ. 1976ರಲ್ಲಿ ತೀರಿಕೊಳ್ಳುವವರೆಗೆ ಸಾವಿರಕ್ಕೂ ಹೆಚ್ಚು ಬರೆದರು. ಬೇಜಾರಾಗಲಿಲ್ವೇ ಅಂತ ನಾನು ಕೇಳಿದ್ದೆ. ಆಕಾರ ಬದಲಾಗದಿದ್ದರೆ ತಾನೇ ಬಣ್ಣ ಏನು ಮಾಡುತ್ತೆ ಅಂತ ತಿಳಿಯೋದು ಅಂದರು ಮೇಷ್ಟ್ರು. ಆಲ್ಬರ್ಸ್ ಬ್ರಷ್ ಬಿಟ್ಟು ಚಪ್ಪಟೆ ಚೂರಿಯಿಂದ ಬಣ್ಣ ಸವರುತ್ತಿದ್ದರು, ಅಪ್ಪ ಕಲಿಸಿದಂತೆ ನಡುವಿನಿಂದಲೇ. ಯಾವ ಬಣ್ಣ, ಯಾವ ಕಂಪನಿಯದು ಅಂತ ಚಿತ್ರದ ಹಿಂದೆ ಬರೆದಿಡುತ್ತಿದ್ದರು. ನಮ್ಮ ವಿಜ್ಞಾನದ ರೆಕಾರ್ಡ್ ಪುಸ್ತಕ ಇದ್ದ ಹಾಗೆ.

ಮದುವೆ ಕಾಗದಕ್ಕೆ ಮಾಡ್ತಾರಲ್ಲ ಸ್ಕ್ರೀನ್ ಪ್ರಿಂಟಿಂಗ್, ಅದನ್ನೂ ಬಹಳ ಮಾಡಿಸಿದರು. ಚೌಕಟ್ಟಿಗೆ ತೆಳು ಬಟ್ಟೆ ಬಿಗಿದು, ಬೇಡದ ಕಡೆ ರಂಧ್ರ ಮುಚ್ಚಿ, ಮಿಕ್ಕ ಕಡೆಯಿಂದ ರಬ್ಬರ್ ಪಟ್ಟಿಯಲ್ಲಿ ಬಣ್ಣ ಎಳೆಯೋದು. ಒಂದೊಂದು ಬಣ್ಣಕ್ಕೂ ಬೇರೆ ಚೌಕಟ್ಟು. ಹೀಗೆ ಅಚ್ಚಾದ ಬಣ್ಣ ಎಲ್ಲ ಕಡೆ ಒಂದೇ ಸಮ, ಕೈಗುರುತು ಇರಲ್ಲ. ಆದರೂ ಎರಡು ಥರ ಕಂಡರೆ ಅದು ಪಕ್ಕದ ಬಣ್ಣದ ಕೆಲಸವೇ. 1963ರ ಅವರ ‘ಇಂಟರಾಕ್ಷನ್ ಆಫ್ ಕಲರ್’ ಪುಸ್ತಕದಲ್ಲಿ ಇಂಥ ಅಚ್ಚಿನ ಹಾಳೆಗಳಿದ್ದವು. ಅವರ ಪಾಠಕ್ಕೆ ಬಣ್ಣದ ಕಾಗದ ಸಾಕು, ಉದುರಿದ ಎಲೆಯಾದರೂ ಆಗುತ್ತಿತ್ತು. ಅಂದ ಮೇಲೆ ನಮಗೇನು ಅಡ್ಡಿ?

ಶನಿವಾರ ಎಲೆ ತನ್ನಿ. ಕತ್ತರಿ ಒಂದೇ ಇದೆ, ಸರದಿ ಮೇಲೆ ಕೊಡ್ತೀವಿ. ಕೆಳಗಿನ ಚೂರುಗಳನ್ನು ದಯವಿಟ್ಟು ಯಾರೂ ಕೀಳಬೇಡಿ. ನಂಬಿಕೆ ಬರದಿದ್ದರೆ ಉಳಿದ ಹಾಳೆ ನನ್ನ ಹತ್ತಿರ ಇದೆ, ಬಂದು ನೋಡಿ.